ಹಿಂಜರಿತದ ದಿನಗಳಿಗೆಂದೇ ರೂಪಿಸಿದ ಸಲಹಾ ಸೇವೆ: ಹತ್ತು ವಾರ ಬಳಸಿದ ಮೇಲೆ

ಮಾರುಕಟ್ಟೆ ಕುಗ್ಗಿದ ಕಾಲದಲ್ಲಿ ಸಣ್ಣ ಉದ್ಯಮಗಳಿಗೆ ಒದಗುವ ಅವಕಾಶಗಳನ್ನು ಗುರುತಿಸಿಕೊಡುತ್ತೇವೆ ಎಂದು ಹೇಳಿಕೊಳ್ಳುವ ಆನ್‌ಲೈನ್ ಸಲಹಾ ಸೇವೆಯೊಂದಕ್ಕೆ ನಾನು ಸೇರಿಕೊಂಡು, ಅದರ ಹತ್ತು ವಾರಗಳ ಪಾಠವನ್ನು ಪೂರ್ತಿ ಮುಗಿಸಿದ್ದೇನೆ. ನನ್ನದು ರಟ್ಟಿನ ಪೆಟ್ಟಿಗೆಗಳನ್ನು ತಯಾರಿಸುವ ಹದಿನಾಲ್ಕು ಜನರ ಘಟಕ. ಬೇರೆಯವರು ತಮ್ಮ ಸರಕನ್ನು ತುಂಬಿ ಕಳಿಸುವ ಪೆಟ್ಟಿಗೆಯೇ ನಮ್ಮ ಸರಕು. ಆದ್ದರಿಂದ ಎಲ್ಲಿಯೋ ವ್ಯಾಪಾರ ಇಳಿಯಿತೆಂದರೆ ಅದರ ಸುಳಿವು ಮೊದಲು ಸಿಗುವುದು ನಮಗೆ, ಪೆಟ್ಟು ಬೀಳುವುದೂ ಮೊದಲು ನಮಗೇ. ಇದೇ ಮಾದರಿಯ ಸೇವೆಗಳು ಈಗ ಹಲವಾರು ಇದ್ದು, ಅವುಗಳ ಹೂರಣವೂ ಬಹುಪಾಲು ಒಂದೇ ಆಗಿರುವುದರಿಂದ ಹೆಸರು ಹೇಳದೆ, ಇಂಥ ಸೇವೆಯಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಮಾತ್ರ ಬರೆಯುತ್ತಿದ್ದೇನೆ.

ಶುಲ್ಕ ಕಟ್ಟಿದವರಿಗೆ ನಾಲ್ಕು ಸಂಗತಿಗಳು ಸಿಗುತ್ತವೆ: ವಾರಕ್ಕೊಂದು ಧ್ವನಿಮುದ್ರಿತ ಪಾಠ, ಆ ಪಾಠಕ್ಕೆ ಹೊಂದುವ ಲೆಕ್ಕದ ಹಾಳೆ, ಸಲಹೆಗಾರರೊಬ್ಬರೊಡನೆ ವಾರಕ್ಕೆ ಮುಕ್ಕಾಲು ಗಂಟೆಯ ಮಾತುಕತೆ, ಮತ್ತು ‘ಅವಕಾಶ ಪತ್ರ’ ಎಂಬ ಹೆಸರಿನಲ್ಲಿ ವಾರವಾರವೂ ಬರುವ ನಾಲ್ಕಾರು ಪುಟಗಳ ಬರಹ. ಜಾಹೀರಾತಿನಲ್ಲಿ ಹೆಚ್ಚು ಎದ್ದು ಕಾಣುವುದು ಕೊನೆಯದು. ನನಗೆ ಅತಿ ಕಡಿಮೆ ಪ್ರಯೋಜನವಾದದ್ದೂ ಅದರಿಂದಲೇ.

ಮೊದಲ ಪಾಠ ಹಿಂಜರಿತವೆಂದರೇನು ಎಂಬುದನ್ನು ಕುರಿತದ್ದು. ಸತತ ಎರಡು ತ್ರೈಮಾಸಿಕಗಳಲ್ಲಿ ಒಟ್ಟು ಉತ್ಪನ್ನ ಕುಸಿದರೆ ಅದು ಹಿಂಜರಿತ ಎಂಬ ರೂಢಿಯ ವ್ಯಾಖ್ಯೆಯಿಂದ ಆರಂಭಿಸಿ, ಅದು ಉದ್ಯಮಿಗೆ ಏಕೆ ಸಾಲದು ಎಂಬುದನ್ನು ಪಾಠ ಚೆನ್ನಾಗಿ ತೋರಿಸುತ್ತದೆ. ಅಮೆರಿಕದಲ್ಲಿ ಹಿಂಜರಿತದ ಆರಂಭ ಮತ್ತು ಅಂತ್ಯವನ್ನು ನಿರ್ಧರಿಸುವ ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್ ಸಂಸ್ಥೆಯು, 2007ರ ಡಿಸೆಂಬರ್‌ನಲ್ಲಿ ಆರಂಭವಾದ ಹಿಂಜರಿತವನ್ನು ಘೋಷಿಸಿದ್ದು 2008ರ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಅಲ್ಲಿನ ದೊಡ್ಡ ಹೂಡಿಕೆ ಬ್ಯಾಂಕಾದ ಲೇಮನ್ ಬ್ರದರ್ಸ್ ದಿವಾಳಿಯಾಗಿ ಎರಡೂವರೆ ತಿಂಗಳು ಕಳೆದಿತ್ತು. ಘೋಷಣೆಗಾಗಿ ಕಾದು ಕುಳಿತವರಿಗೆ ಒಂದು ವರ್ಷ ಕೈತಪ್ಪಿತ್ತೆಂದೇ ಅರ್ಥ. ಅಳತೆಗೋಲನ್ನು ಪತ್ರಿಕೆಯಲ್ಲಿ ಹುಡುಕದೆ ನಿಮ್ಮ ಆರ್ಡರ್ ಪುಸ್ತಕದಲ್ಲಿ ಹುಡುಕಿ ಎಂಬ ಮಾತು ನನ್ನ ಅನುಭವಕ್ಕೂ ಸರಿಹೊಂದಿತು. ಒಂದೇ ಸಲಕ್ಕೆ ಐದು ಸಾವಿರ ಪೆಟ್ಟಿಗೆ ತರಿಸುತ್ತಿದ್ದ ಗಿರಾಕಿ ಅದನ್ನೇ ಸಾವಿರದಂತೆ ಐದು ಕಂತುಗಳಲ್ಲಿ ಕಳಿಸಿ ಎನ್ನತೊಡಗುತ್ತಾನೆ. ಹೊಸ ಅಳತೆಯ ಮಾದರಿ ಪೆಟ್ಟಿಗೆ ಕೇಳುವವರು ಕಡಿಮೆಯಾಗುತ್ತಾರೆ. ಹಣ ಕೇಳಿ ಫೋನ್ ಮಾಡಿದರೆ ಲೆಕ್ಕ ವಿಭಾಗದವರ ಬದಲು ಮಾಲೀಕರೇ ಮಾತನಾಡುತ್ತಾರೆ. ಈ ಮೂರೂ ನಮ್ಮಲ್ಲಿ ಆಗಲೇ ಕಾಣಿಸಿಕೊಂಡಿದ್ದವು.

ಇಡೀ ಸೇವೆಯ ಜೀವ ಇರುವುದು ಎರಡನೆಯ ಮತ್ತು ಮೂರನೆಯ ವಾರಗಳಲ್ಲಿ ಕಲಿಸುವ ಹದಿಮೂರು ವಾರಗಳ ನಗದು ಹಾಳೆಯಲ್ಲಿ. ಹದಿಮೂರು ವಾರವೆಂದರೆ ಒಂದು ತ್ರೈಮಾಸಿಕ. ಹಾಳೆಯಲ್ಲಿ ವಾರಕ್ಕೊಂದು ಕಾಲಂ. ಮೇಲುಗಡೆ ವಾರದ ಆರಂಭದಲ್ಲಿ ಬ್ಯಾಂಕಿನಲ್ಲಿರುವ ಹಣ, ಅದರ ಕೆಳಗೆ ಯಾವ ಗಿರಾಕಿಯಿಂದ ಎಷ್ಟು ಬರುತ್ತದೆ ಎಂಬ ಸಾಲುಗಳು, ಅದರ ಕೆಳಗೆ ಸಂಬಳ, ಬಾಡಿಗೆ, ವಿದ್ಯುತ್ತು, ಕಾಗದದ ರೀಲು, ಅಂಟು, ಸಾಲದ ಕಂತು, ತೆರಿಗೆ, ಎಲ್ಲಕ್ಕಿಂತ ಕೆಳಗೆ ವಾರದ ಕೊನೆಯಲ್ಲಿ ಉಳಿಯುವ ಹಣ. ನೋಡಲು ಇದರಲ್ಲಿ ಹೊಸದೇನೂ ಇಲ್ಲ. ನಾನೂ ಮೊದಲ ಸಲ ಅರ್ಧ ಗಂಟೆಯಲ್ಲಿ ತುಂಬಿಸಿ ಕಳಿಸಿದೆ. ಹದಿಮೂರು ವಾರವೂ ಹಣ ಉಳಿಯುವಂತೆಯೇ ಕಾಣುತ್ತಿತ್ತು.

ಸಲಹೆಗಾರರು ಅದನ್ನು ಒಪ್ಪಲಿಲ್ಲ. “ಬಿಲ್ಲಿನಲ್ಲಿ ಬರೆದಿರುವ ಗಡುವನ್ನು ಬಿಟ್ಟುಬಿಡಿ. ಈ ಗಿರಾಕಿ ಹಿಂದಿನ ಆರು ಬಿಲ್ಲುಗಳಿಗೆ ನಿಜವಾಗಿ ಎಷ್ಟು ದಿನ ತೆಗೆದುಕೊಂಡರು ಅಂತ ನಿಮ್ಮ ಬ್ಯಾಂಕ್ ಖಾತೆ ತೆಗೆದು ನೋಡಿ, ಅದರ ಸರಾಸರಿಯನ್ನು ಬರೆಯಿರಿ” ಎಂದರು. ನೋಡಿದೆ. ಮೂವತ್ತು ದಿನಗಳ ಗಡುವಿನ ಮೇಲೆ ಪೆಟ್ಟಿಗೆ ಒಯ್ಯುವ ನಮ್ಮ ಅತಿ ದೊಡ್ಡ ಗಿರಾಕಿ ಸರಾಸರಿ ಐವತ್ತೆರಡು ದಿನಕ್ಕೆ ಹಣ ಕೊಡುತ್ತಿದ್ದರು. ಅವರೊಬ್ಬರ ಸಾಲನ್ನು ಮೂರು ಕಾಲಂ ಬಲಕ್ಕೆ ಸರಿಸಿದೊಡನೆ ಏಳನೆಯ ವಾರದ ಕೊನೆಯ ಅಂಕಿ ಶೂನ್ಯಕ್ಕಿಂತ ಕೆಳಗಿಳಿಯಿತು. ಆ ವಾರದಲ್ಲೇ ಸಂಬಳವಿತ್ತು, ಸಾಲದ ಕಂತೂ ಇತ್ತು. ವರ್ಷದ ಲೆಕ್ಕದಲ್ಲಿ ಲಾಭದಲ್ಲಿರುವ ಘಟಕವೊಂದು ಏಳನೆಯ ವಾರ ಸಂಬಳ ಕೊಡಲಾಗದ ಸ್ಥಿತಿಗೆ ಬರುತ್ತದೆ ಎಂಬುದನ್ನು ನಾನು ಮೊದಲ ಬಾರಿಗೆ, ಅದೂ ಐದು ವಾರ ಮುಂಚಿತವಾಗಿ, ಕಣ್ಣಾರೆ ಕಂಡೆ. ಐದು ವಾರದಲ್ಲಿ ಮಾಡಲು ಬೇಕಾದಷ್ಟು ಕೆಲಸವಿರುತ್ತದೆ: ಇಬ್ಬರು ಹಳೆಯ ಗಿರಾಕಿಗಳಿಂದ ಮೂರನೇ ಒಂದು ಭಾಗ ಮುಂಗಡ ಕೇಳಿ ಪಡೆದೆ, ಎರಡು ತಿಂಗಳಿಗೆಂದು ಹೇಳಿದ್ದ ಕಾಗದದ ರೀಲುಗಳನ್ನು ಒಂದೊಂದು ತಿಂಗಳಿಗೆ ಒಡೆದೆ, ಮೂಲೆಯಲ್ಲಿ ಕುಳಿತಿದ್ದ ಹಳೆಯ ಅಳತೆಯ ಪೆಟ್ಟಿಗೆಗಳನ್ನು ಅಸಲಿಗೆ ಮಾರಿದೆ. ಇದನ್ನೇ ಏಳನೆಯ ವಾರದ ಸೋಮವಾರ ಮಾಡಹೊರಟಿದ್ದರೆ ಯಾವುದೂ ಕೈಗೂಡುತ್ತಿರಲಿಲ್ಲ.

ಜೆಪಿ ಮಾರ್ಗನ್ ಚೇಸ್ ಇನ್‌ಸ್ಟಿಟ್ಯೂಟ್ ಅಮೆರಿಕದ ಸುಮಾರು 6 ಲಕ್ಷ ಸಣ್ಣ ಉದ್ಯಮಗಳ ಖಾತೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪಾಠದಲ್ಲಿ ಉಲ್ಲೇಖಿಸುತ್ತಾರೆ. ಹಣ ಬರುವುದು ಪೂರ್ತಿ ನಿಂತರೂ ಕೈಯಲ್ಲಿರುವ ನಗದಿನಿಂದ ಎಷ್ಟು ದಿನ ಖರ್ಚು ನಿಭಾಯಿಸಬಹುದು ಎಂದು ಲೆಕ್ಕ ಹಾಕಿದಾಗ, ನಟ್ಟನಡುವೆ ನಿಲ್ಲುವ ಉದ್ಯಮಕ್ಕೆ ಸಿಕ್ಕ ಅಂಕಿ 27 ದಿನ. ಅಂದರೆ ಅರ್ಧದಷ್ಟು ಉದ್ಯಮಗಳ ಬಳಿ ಅಷ್ಟೂ ಇರಲಿಲ್ಲ. ನನ್ನ ಅಂಕಿ ಹತ್ತೊಂಬತ್ತು ಬಂತು. ಈ ಒಂದು ಅಂಕಿ ಗೊತ್ತಾದ ಮೇಲೆ ಮುಂದಿನ ವಾರಗಳ ಎಲ್ಲ ಪಾಠಗಳನ್ನೂ ನಾನು ಬೇರೆಯೇ ರೀತಿಯಲ್ಲಿ ಕೇಳಿಸಿಕೊಂಡೆ. ಏಕೆಂದರೆ ಹಿಂಜರಿತದಲ್ಲಿ ಸಿಗುವ ಅವಕಾಶಗಳೆಂದು ಯಾರು ಯಾವುದನ್ನು ಪಟ್ಟಿ ಮಾಡಿದರೂ, ಅಗ್ಗದ ಯಂತ್ರವಾಗಲಿ, ಕೆಲಸ ಕಳೆದುಕೊಂಡ ನುರಿತ ಕೆಲಸಗಾರನಾಗಲಿ, ಮುಚ್ಚಿದ ಪ್ರತಿಸ್ಪರ್ಧಿಯ ಗಿರಾಕಿಯಾಗಲಿ, ಅವೆಲ್ಲವೂ ಆ ಹೊತ್ತಿಗೆ ನಗದು ಕೈಯಲ್ಲಿರುವವರಿಗಷ್ಟೇ ಅವಕಾಶ. ಉಳಿದವರಿಗೆ ಅದು ಸುದ್ದಿ ಮಾತ್ರ. ಸೇವೆಯವರು ಇದನ್ನು ಇಷ್ಟು ನೇರವಾಗಿ ಎಲ್ಲಿಯೂ ಹೇಳುವುದಿಲ್ಲ. ಹೇಳಬೇಕಿತ್ತು.

ಅವರೇ ನಾಲ್ಕನೆಯ ವಾರ ಕೊಟ್ಟ ಒಂದು ಲೆಕ್ಕ ಇದಕ್ಕೆ ಒಳ್ಳೆಯ ಸಾಕ್ಷಿ. ಮೂವತ್ತು ದಿನದಲ್ಲಿ ಕೊಡಬೇಕಾದ ಹಣವನ್ನು ಹತ್ತು ದಿನದೊಳಗೆ ಕೊಟ್ಟರೆ ಶೇ. 2 ರಿಯಾಯಿತಿ ಎಂದು ಕಚ್ಚಾ ಸಾಮಗ್ರಿ ಮಾರುವವರು ಹೇಳುವುದುಂಟು. ಶೇ. 2 ಎಂದರೆ ಏನು ಮಹಾ ಎಂದು ನಾನು ಇಷ್ಟು ವರ್ಷ ಅದನ್ನು ಕೈಬಿಡುತ್ತಲೇ ಬಂದಿದ್ದೆ. ಇಪ್ಪತ್ತು ದಿನ ಮೊದಲು 98 ಕೊಟ್ಟು 2 ಉಳಿಸುವುದನ್ನು ವರ್ಷದ ಬಡ್ಡಿಯ ಲೆಕ್ಕಕ್ಕೆ ತಂದರೆ ಅದು ಸುಮಾರು ಶೇ. 37 ಆಗುತ್ತದೆ. ಸಾಲಕ್ಕೆ ನಾನು ಕಟ್ಟುವ ಬಡ್ಡಿ ಇದರ ಹತ್ತಿರಕ್ಕೂ ಬರುವುದಿಲ್ಲ. ಹಿಂಜರಿತದಲ್ಲಿ ಮಾರುವವರಿಗೂ ನಗದಿನ ಹಸಿವು ಇರುತ್ತದೆ. ಅವರೇ ರಿಯಾಯಿತಿ ಹೇಳದಿದ್ದರೂ ಕೇಳಿದರೆ ಕೊಡುತ್ತಾರೆ ಎಂದು ಸಲಹೆಗಾರರು ಹೇಳಿದ್ದು ನಿಜವಾಯಿತು. ಕಾಗದ ಕೊಡುವವರು ಒಂದೇ ಫೋನಿಗೆ ಒಪ್ಪಿದರು. ಹೊಸ ಯಂತ್ರ, ಹೊಸ ಗಿರಾಕಿ, ಹೊಸ ಸರಕು ಯಾವುದೂ ಇಲ್ಲದೆ ಸಿಕ್ಕ ಲಾಭ ಇದು, ಮತ್ತು ಹತ್ತು ವಾರಗಳಲ್ಲಿ ನನಗೆ ಸಿಕ್ಕ ಅತ್ಯಂತ ಖಚಿತವಾದ ಲಾಭವೂ ಇದೇ.

ಐದನೆಯ ವಾರದ ವಿಷಯ ಬಳಸಿದ ಯಂತ್ರಗಳ ಖರೀದಿ. ಘಟಕಗಳು ಮುಚ್ಚುತ್ತಿರುವಾಗ ಯಂತ್ರಗಳು ಹರಾಜಿಗೆ ಬರುತ್ತವೆ, ಬೆಲೆ ಇಳಿಯುತ್ತದೆ, ಇದು ಎಲ್ಲರೂ ಬಲ್ಲ ಮಾತು. ಆದರೆ ಪಾಠ ಆ ಮಾತಿನಲ್ಲೇ ನಿಂತುಬಿಡುತ್ತದೆ. ಕೊಳ್ಳುವವನು ಏನನ್ನು ನೋಡಬೇಕು ಎಂಬುದರ ಬಗ್ಗೆ ಅರ್ಧ ಪುಟವೂ ಇಲ್ಲ. ಎಲ್ಲ ಬಗೆಯ ಉದ್ಯಮಗಳಿಗೂ ಒಂದೇ ಪಾಠವಾದ್ದರಿಂದ ಯಂತ್ರಗಳ ಒಳವಿವರಕ್ಕೆ ಹೋಗಲಾಗದು ಎಂಬುದನ್ನು ಒಪ್ಪೋಣ. ಆದರೂ ಎಲ್ಲ ಯಂತ್ರಗಳಿಗೂ ಅನ್ವಯಿಸುವ ಎರಡು ಮೂರು ಎಚ್ಚರಿಕೆಗಳನ್ನು ಹೇಳಬಹುದಿತ್ತು.

ನಾನು ಆ ವಾರವೇ ಒಂದು ಪಂಚಿಂಗ್ ಯಂತ್ರವನ್ನು ನೋಡಲು ಹೋಗಿದ್ದೆ. ರಟ್ಟಿನ ಹಾಳೆಯನ್ನು ಡೈಗೆ, ಅಂದರೆ ಬ್ಲೇಡು ಕೂರಿಸಿದ ಅಚ್ಚಿಗೆ, ಒತ್ತಿ ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸುವ ಯಂತ್ರವದು. ಹೊಸದಾಗಿ ಬಣ್ಣ ಹೊಡೆದು ನಿಲ್ಲಿಸಿದ್ದರು. ಖಾಲಿ ಓಡಿಸಿ ತೋರಿಸಿದಾಗ ಸದ್ದೂ ಹಿತವಾಗಿತ್ತು. ಜೊತೆಯಲ್ಲಿ ಒಯ್ದಿದ್ದ ನಮ್ಮದೇ ಡೈ ಹಾಕಿ, ಅಡಿಯಲ್ಲಿ ಯಾವ ಕಾಗದದ ಪಟ್ಟಿಯನ್ನೂ ಅಂಟಿಸದೆ ಒಂದು ಹಾಳೆ ಕೊಟ್ಟು ನೋಡಿದೆವು. ಎಡಗಡೆ ಬ್ಲೇಡು ಪೂರ್ತಿ ಕತ್ತರಿಸಿತ್ತು. ಬಲಗಡೆ ಮೇಲಿನ ಮೂಲೆಯಲ್ಲಿ ಗೀರು ಮಾತ್ರ ಮೂಡಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಆ ಮೂಲೆಯಲ್ಲಿ ಬೆಳಕೇ ದಾಟುತ್ತಿರಲಿಲ್ಲ. ಒತ್ತುವ ಹಲಗೆ ಒಂದು ಕಡೆ ಸವೆದಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಅಂಥ ಯಂತ್ರವನ್ನು ತಂದರೆ ಪ್ರತಿ ಹೊಸ ಡೈಗೂ ಮೂಲೆಯಲ್ಲಿ ಪಟ್ಟಿ ಅಂಟಿಸಿ ಸಮ ಮಾಡುವುದರಲ್ಲಿಯೇ ಒಂದೆರಡು ಗಂಟೆ ಹೋಗುತ್ತದೆ, ಮತ್ತು ಹಿಂಜರಿತದಲ್ಲಿ ಬರುವ ಆರ್ಡರ್‌ಗಳೆಲ್ಲ ಸಣ್ಣ ಸಣ್ಣ ಲಾಟುಗಳಾದ್ದರಿಂದ ಡೈ ಬದಲಾಯಿಸುವ ಕೆಲಸವೇ ಹೆಚ್ಚು. ಬಿಟ್ಟು ಬಂದೆವು. ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ನನಗೆ ನೆನಪಿಸಿದ್ದು ಪಾಠವಲ್ಲ, ನಮ್ಮ ಲೆಕ್ಕ ಪರಿಶೋಧಕರು: ಆ ಯಂತ್ರ ಯಾವುದಾದರೂ ಸಾಲಕ್ಕೆ ಅಡಮಾನವಾಗಿದೆಯೇ? ಆಗಿದ್ದರೆ ಸಾಲ ಕೊಟ್ಟವರಿಂದ ಬಿಡುಗಡೆಯ ಪತ್ರ ದೊರೆಯದೆ ಒಂದು ಕಾಸನ್ನೂ ಕೊಡಬಾರದು. ಟನ್ನುಗಟ್ಟಲೆ ತೂಗುವ ಯಂತ್ರವನ್ನು ಕಳಚಿ, ಸಾಗಿಸಿ, ಹೊಸ ಅಡಿಪಾಯದ ಮೇಲೆ ನಿಲ್ಲಿಸುವ ಖರ್ಚೂ ಹರಾಜಿನ ಬೆಲೆಯಲ್ಲಿ ಸೇರಿರುವುದಿಲ್ಲ. ಇಷ್ಟನ್ನು ಪಾಠದಲ್ಲಿ ಸೇರಿಸಿದರೆ ಎಷ್ಟೋ ಜನರ ಬಂಡವಾಳ ಉಳಿಯುತ್ತದೆ.

ಆರನೆಯ ವಾರ ನೌಕರರ ನೇಮಕದ ಕುರಿತಾದದ್ದು. ಹೇಳಿದ್ದರಲ್ಲಿ ತಪ್ಪಿಲ್ಲ, ಹೊಸದೂ ಇಲ್ಲ.

ಏಳನೆಯ ವಾರದ ಬೆಲೆಯ ಪಾಠವನ್ನು ಮಾತ್ರ ಎಲ್ಲ ಸಣ್ಣ ಉದ್ಯಮಿಗಳೂ ಕೇಳಬೇಕು. ಆರ್ಡರ್ ಕಡಿಮೆಯಾದೊಡನೆ ನಮ್ಮೆಲ್ಲರ ಕೈ ಮೊದಲು ಹೋಗುವುದು ಬೆಲೆ ಇಳಿಸುವುದಕ್ಕೆ. ನೂರರ ಮಾರಾಟದಲ್ಲಿ ನೇರ ಖರ್ಚು ಕಳೆದು ಮೂವತ್ತು ಉಳಿಯುವ ಉದ್ಯಮವು ಬೆಲೆಯನ್ನು ಶೇ. 10 ಇಳಿಸಿದರೆ ಉಳಿಯುವುದು ಇಪ್ಪತ್ತು. ಮೊದಲಿನ ಮೊತ್ತವನ್ನೇ ಉಳಿಸಿಕೊಳ್ಳಬೇಕಾದರೆ ಮಾರಾಟದ ಸಂಖ್ಯೆ ಶೇ. 50 ಏರಬೇಕು. ಮಾರುಕಟ್ಟೆಯೇ ಕುಗ್ಗುತ್ತಿರುವಾಗ ಒಂದೂವರೆ ಪಟ್ಟು ಮಾರಾಟ ಎಲ್ಲಿಂದ ಬರಬೇಕು? ಬೆಲೆಯ ಬದಲು ಗಿರಾಕಿಯ ಬೇರೆ ಯಾವ ಖರ್ಚನ್ನು ಇಳಿಸಬಹುದು ನೋಡಿ ಎಂಬುದು ಪಾಠದ ಸಲಹೆ. ಇದರ ಮೇಲೆ ನಾನು ಒಬ್ಬ ಗಿರಾಕಿಯ ಗೋದಾಮಿಗೆ ಹೋಗಿ ಅವರು ತುಂಬುವುದನ್ನು ಅರ್ಧ ದಿನ ನಿಂತು ನೋಡಿದೆ. ಐದು ಪದರದ ಪೆಟ್ಟಿಗೆಯಲ್ಲಿ ಅವರು ಕಳಿಸುತ್ತಿದ್ದುದು ಹಗುರವಾದ ಪ್ಲಾಸ್ಟಿಕ್ ಸಾಮಾನು. ಪೆಟ್ಟಿಗೆಯ ಮೇಲ್ಭಾಗದಲ್ಲಿ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಇದ್ದು, ಅದಕ್ಕೆ ಹಳೆಯ ಕಾಗದ ತುರುಕುತ್ತಿದ್ದರು. ಎತ್ತರ ಕಡಿಮೆ ಮಾಡಿ ಮೂರು ಪದರದ ಪೆಟ್ಟಿಗೆ ಮಾಡಿಕೊಟ್ಟೆವು. ಅವರಿಗೆ ಪೆಟ್ಟಿಗೆಯ ಖರ್ಚೂ ಇಳಿಯಿತು, ಒಂದು ಗಾಡಿಯಲ್ಲಿ ಹೋಗುವ ಪೆಟ್ಟಿಗೆಗಳ ಸಂಖ್ಯೆಯೂ ಏರಿತು. ನಮಗೆ ಪ್ರತಿ ಪೆಟ್ಟಿಗೆಯಲ್ಲಿ ಉಳಿಯುವ ಪ್ರಮಾಣ ಮೊದಲಿನಷ್ಟೇ ಉಳಿಯಿತು. ಬೇರೆ ಕಡೆಯಿಂದ ಕಡಿಮೆ ದರ ತರಿಸಿಟ್ಟಿದ್ದ ಆ ಗಿರಾಕಿ ನಮ್ಮಲ್ಲೇ ಉಳಿದರು.

ಎಂಟನೆಯ ವಾರದ ಬಗ್ಗೆ ನನಗೆ ಗಂಭೀರವಾದ ದೂರಿದೆ. ಮುಚ್ಚುತ್ತಿರುವ ಪ್ರತಿಸ್ಪರ್ಧಿಗಳ ಗಿರಾಕಿಗಳನ್ನು ಬೇಗನೆ ಸಂಪರ್ಕಿಸಿ, ಅವರಿಗೆ ಪೂರೈಕೆ ನಿಂತಿರುತ್ತದೆ, ಮೊದಲು ಹೋದವರಿಗೆ ಆರ್ಡರ್ ಎಂಬುದು ಆ ಪಾಠದ ತಿರುಳು. ನಾನು ಹಾಗೆಯೇ ಮಾಡಿದೆ. ಸಿಕ್ಕ ಗಿರಾಕಿ ಮಾತಿನಲ್ಲಿ ಸಜ್ಜನರು, ಮೊದಲ ಬಿಲ್ಲಿಗೆ ಹತ್ತೇ ದಿನದಲ್ಲಿ ಹಣ ಕೊಟ್ಟರು. ಎರಡನೆಯ ಮತ್ತು ಮೂರನೆಯ ಲಾಟುಗಳನ್ನು ಉದ್ರಿ ಮೇಲೆ ಒಯ್ದರು. ನಾಲ್ಕನೆಯ ಲಾಟು ಕಳಿಸುವಷ್ಟರಲ್ಲಿ ಅವರ ಘಟಕಕ್ಕೂ ಬೀಗ ಬಿದ್ದಿತ್ತು. ಆ ಪ್ರತಿಸ್ಪರ್ಧಿ ಮುಚ್ಚಲು ಕಾರಣವಾದ ಬಾಕಿಗಳಲ್ಲಿ ಇದೇ ಗಿರಾಕಿಯ ಬಾಕಿಯೂ ದೊಡ್ಡದಾಗಿತ್ತೆಂದು ಆಮೇಲೆ ತಿಳಿಯಿತು. ಉದ್ರಿ ಕೊಡುವ ಮುನ್ನ ಹಳೆಯ ಪೂರೈಕೆದಾರರಿಬ್ಬರನ್ನು ವಿಚಾರಿಸುವುದು, ಮೊದಲ ಮೂರು ಲಾಟುಗಳಿಗೆ ಮುಂಗಡವಿಲ್ಲದೆ ಕೆಲಸ ಹಿಡಿಯದಿರುವುದು, ಒಬ್ಬನೇ ಗಿರಾಕಿಯ ಬಾಕಿಗೆ ಮೇಲ್ಮಿತಿ ಹಾಕಿಕೊಳ್ಳುವುದು, ಇವೆಲ್ಲ ನನಗೇ ಗೊತ್ತಿರಬೇಕಾಗಿತ್ತು, ನಿಜ. ಆದರೆ ಪೂರೈಕೆದಾರ ಮುಚ್ಚಿದ್ದಾನೆ ಎಂಬ ಕಾರಣಕ್ಕೆ ಗಿರಾಕಿಯ ಹಿಂದೆ ಓಡಿ ಎಂದು ಕಲಿಸುವ ಪಾಠದಲ್ಲಿ, ಅವನು ಏಕೆ ಮುಚ್ಚಿದ ಎಂದು ಮೊದಲು ಕೇಳಿ ಎಂಬ ಒಂದು ವಾಕ್ಯವಾದರೂ ಇರಬೇಡವೇ? ಸಲಹೆಗಾರರು ನನ್ನ ಮಾತನ್ನು ತಾಳ್ಮೆಯಿಂದ ಕೇಳಿ, ಪಾಠ ತಿದ್ದುವವರಿಗೆ ತಿಳಿಸುವುದಾಗಿ ಹೇಳಿದರು. ನಾನು ಇದನ್ನು ಬರೆಯುವ ಹೊತ್ತಿಗೂ ಪಾಠ ಹಾಗೆಯೇ ಇದೆ.

ಒಂಬತ್ತನೆಯ ವಾರದಲ್ಲಿ ಬಿಲ್ಲುಗಳ ಮೇಲೆ ಮುಂಗಡವಾಗಿ ಹಣ ಪಡೆಯುವ ಕ್ರಮವನ್ನು ವಿವರಿಸುತ್ತಾರೆ. ಬಿಲ್ಲಿನ ಮೊತ್ತದ ಶೇ. 80ರ ಆಸುಪಾಸು ಮೊದಲೇ ಸಿಗುತ್ತದೆ, ಗಿರಾಕಿ ಹಣ ಕೊಟ್ಟ ಮೇಲೆ ಶುಲ್ಕ ಮುರಿದುಕೊಂಡು ಉಳಿದದ್ದು ಬರುತ್ತದೆ. ಆದರೆ ಗಿರಾಕಿ ಕೊಡದೇ ಹೋದರೆ ಆ ನಷ್ಟ ಯಾರದು ಎಂಬುದು ಕರಾರಿನಲ್ಲಿ ಏನಿದೆಯೋ ಅದರ ಮೇಲೆ ನಿಲ್ಲುತ್ತದೆ. ಹೊಣೆ ನಮ್ಮ ಮೇಲೆಯೇ ಇರುವ ಕರಾರು ನಮಗೆ ಸಮಯವನ್ನಷ್ಟೇ ಕೊಡುತ್ತದೆ, ರಕ್ಷಣೆಯನ್ನು ಕೊಡುವುದಿಲ್ಲ. ಈ ಭೇದವನ್ನು ಇಷ್ಟು ಸ್ಪಷ್ಟವಾಗಿ ಬೇರೆ ಯಾರೂ ನನಗೆ ಹೇಳಿರಲಿಲ್ಲ. ಇದು ಎಂಟನೆಯ ವಾರಕ್ಕಿಂತ ಮೊದಲು ಬಂದಿದ್ದರೆ ಒಳ್ಳೆಯದಿತ್ತು.

ಇನ್ನು ‘ಅವಕಾಶ ಪತ್ರ’. ಇದರಲ್ಲಿ ಬರುವುದು ಬಹುತೇಕ ಗೆದ್ದವರ ಕಥೆಗಳು. ಹ್ಯೂಲೆಟ್ ಮತ್ತು ಪ್ಯಾಕರ್ಡ್ 1939ರಲ್ಲಿ 538 ಡಾಲರ್ ಬಂಡವಾಳದಿಂದ ಗ್ಯಾರೇಜೊಂದರಲ್ಲಿ ಎಚ್‌ಪಿ ಕಂಪನಿ ಆರಂಭಿಸಿದ್ದು, ಪ್ರವಾಸಿಗರಿಗೆ ಮನೆ-ಕೋಣೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ 2008ರಲ್ಲಿ ಹುಟ್ಟಿದ್ದು, ಇವು ನಿಜವೇ. ಆದರೆ ಅದೇ ವರ್ಷಗಳಲ್ಲಿ ಅಷ್ಟೇ ಧೈರ್ಯದಿಂದ ಆರಂಭವಾಗಿ ಎರಡನೆಯ ವರ್ಷ ಕಾಣದ ಉದ್ಯಮಗಳ ಲೆಕ್ಕವನ್ನು ಪತ್ರ ಕೊಡುವುದಿಲ್ಲ. ಬೀಳುವವರ ಕಥೆ ಗೊತ್ತಿಲ್ಲದೆ ಗೆದ್ದವರ ಕಥೆಯಿಂದ ಕಲಿಯುವುದು ಕಷ್ಟ. ಒಂದು ಸಂಚಿಕೆಯಲ್ಲಿ ಮಾತ್ರ ಗಟ್ಟಿಯಾದ ವಿಷಯವಿತ್ತು. ರಂಜಯ್ ಗುಲಾಟಿ, ನಿತಿನ್ ನೊಹ್ರಿಯಾ ಮತ್ತು ಫ್ರಾಂಜ್ ವೋಲ್‌ಗೆಜೋಗನ್ ಅವರು ಮೂರು ಹಿಂಜರಿತಗಳಲ್ಲಿ 4,700 ಕಂಪನಿಗಳು ಹೇಗೆ ನಡೆದುಕೊಂಡವು ಎಂದು ಪರಿಶೀಲಿಸಿ 2010ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದ ಸಾರಾಂಶವದು. ಶೇ. 17ರಷ್ಟು ಕಂಪನಿಗಳು ಉಳಿಯಲಿಲ್ಲ. ಹಿಂಜರಿತದ ನಂತರ ಪ್ರತಿಸ್ಪರ್ಧಿಗಳನ್ನು ಸ್ಪಷ್ಟವಾಗಿ ಹಿಂದಿಕ್ಕಿ ಬೆಳೆದವು ಸುಮಾರು ಶೇ. 9 ಮಾತ್ರ. ಬರೀ ಖರ್ಚು ಕತ್ತರಿಸಿದವರೂ ಬರೀ ವಿಸ್ತರಿಸಿದವರೂ ಹಿಂದೆ ಬಿದ್ದರು. ಕೆಲಸದ ವಿಧಾನವನ್ನು ಬಿಗಿಗೊಳಿಸಿ ಖರ್ಚು ಇಳಿಸುತ್ತಲೇ ಮಾರುಕಟ್ಟೆ, ಸಂಶೋಧನೆ ಮತ್ತು ಆಸ್ತಿಗಳ ಮೇಲೆ ಹಣ ಹೂಡಿದವರು ಮುಂದೆ ಬಂದರು. ಆದರೆ ಆ 4,700ರಲ್ಲಿದ್ದವು ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳು. ಅವುಗಳಿಗೆ ಸಾಲ ಸಿಗುವ ದಾರಿಗಳು ಹದಿನಾಲ್ಕು ಜನರ ಘಟಕಕ್ಕೆ ಇರುವುದಿಲ್ಲ ಎಂಬುದನ್ನು ಪತ್ರದಲ್ಲಿ ಒಂದು ಸಾಲಿನಲ್ಲಾದರೂ ಹೇಳದೆ, ‘ನೀವೂ ಈಗಲೇ ಹೂಡಿ’ ಎಂದು ಮುಗಿಸಿದ್ದು ನನಗೆ ಸರಿಕಾಣಲಿಲ್ಲ.

ವ್ಯವಹಾರದ ಮಟ್ಟಿಗೆ ದೂರುವಂಥದ್ದು ಹೆಚ್ಚಿಲ್ಲ. ಸಲಹೆಗಾರರು ಒಮ್ಮೆಯೂ ತಡಮಾಡಲಿಲ್ಲ, ಇಮೇಲಿಗೆ ಮರುದಿನದೊಳಗೆ ಉತ್ತರ ಬರುತ್ತಿತ್ತು. ಲೆಕ್ಕದ ಹಾಳೆ ಫೋನಿನಲ್ಲಿ ಸರಿಯಾಗಿ ತೆರೆಯುವುದಿಲ್ಲ. ಕಂಪ್ಯೂಟರ್ ಬೇಕೇ ಬೇಕು. ಶುಲ್ಕ ನನ್ನ ಒಬ್ಬ ನೌಕರರ ಅರ್ಧ ತಿಂಗಳ ಸಂಬಳದಷ್ಟಾಯಿತು. ಕಾಗದದವರ ರಿಯಾಯಿತಿಯೊಂದರಿಂದಲೇ ಅದು ಮೂರು ತಿಂಗಳೊಳಗೆ ಮರಳಿ ಬರುತ್ತದೆ.

ಉದ್ರಿ ಮೇಲೆ ಮಾರುವ, ಐದರಿಂದ ಐವತ್ತು ಜನರಿರುವ, ಲೆಕ್ಕ ನೋಡಿಕೊಳ್ಳಲು ಬೇರೆ ಆಳಿಲ್ಲದ ಉದ್ಯಮ ನಡೆಸುವವರಿಗೆ ಈ ಸೇವೆಯನ್ನು ನಾನು ಶಿಫಾರಸು ಮಾಡುತ್ತೇನೆ. ಕೈಗೆ ಕೈ ನಗದು ವ್ಯಾಪಾರ ಮಾಡುವ ಅಂಗಡಿಗಳಿಗೆ ಇದರ ಅರ್ಧಕ್ಕಿಂತ ಹೆಚ್ಚು ಭಾಗ ಅನ್ವಯಿಸುವುದಿಲ್ಲ. ಹೊಸದಾಗಿ ಉದ್ಯಮ ಆರಂಭಿಸಬೇಕೆಂದಿರುವವರು ಇದಕ್ಕೆ ಹಣ ಕಟ್ಟಬೇಡಿ. ನಗದು ಹಾಳೆ ತುಂಬಲು ಹಿಂದಿನ ಬಿಲ್ಲುಗಳು ಬೇಕು, ಅವು ನಿಮ್ಮ ಬಳಿ ಇರುವುದಿಲ್ಲ. ಸೇರಿಕೊಳ್ಳುವವರು ಕಳೆದ ಒಂದು ವರ್ಷದ ಬ್ಯಾಂಕ್ ವಿವರವನ್ನು ಮೊದಲೇ ತೆಗೆದಿಟ್ಟುಕೊಂಡರೆ ಎರಡನೆಯ ವಾರ ವ್ಯರ್ಥವಾಗುವುದಿಲ್ಲ.

ನಾನು ಇನ್ನು ಆರು ತಿಂಗಳಿಗೆ ಹಾಳೆ ಮತ್ತು ಮಾತುಕತೆಯನ್ನು ಮಾತ್ರ ಮುಂದುವರಿಸಿದ್ದೇನೆ, ಪತ್ರವನ್ನು ನಿಲ್ಲಿಸಿದ್ದೇನೆ. ಈಗ ಪ್ರತಿ ಶುಕ್ರವಾರ ಸಂಜೆ ಯಂತ್ರಗಳು ನಿಂತ ಮೇಲೆ, ಮುಗಿದ ವಾರದ ಕಾಲಂನಲ್ಲಿ ಬರೆದಿದ್ದ ಅಂಕಿಯ ಪಕ್ಕದಲ್ಲಿ ನಿಜವಾಗಿ ಬಂದ ಅಂಕಿಯನ್ನು ಬರೆದು, ಹಾಳೆಯ ಬಲತುದಿಗೆ ಹೊಸ ಹದಿಮೂರನೆಯ ವಾರವನ್ನು ಸೇರಿಸುತ್ತೇನೆ. ಹತ್ತೊಂಬತ್ತು ದಿನವಿದ್ದ ಅಂಕಿ ಕಳೆದ ಶುಕ್ರವಾರ ಮೂವತ್ತೊಂದಕ್ಕೆ ಬಂದಿದೆ. ನಲವತ್ತೈದು ಮುಟ್ಟಿದ ಮೇಲೆ ಇನ್ನೊಂದು ಪಂಚಿಂಗ್ ಯಂತ್ರ ನೋಡಲು ಹೋಗುತ್ತೇನೆ.